ಹೊಂಡದಲ್ಲಿ ಚಕ್ರಬಡ್ಡಿ

ಎರಡು ವರ್ಷದ ಹಿಂದೆ ದಸರಾ ರಜೆಗೆ ಊರಿಗೆ ಬಂದ ಮೊಮ್ಮಗ ನಾಲೆಯಲ್ಲಿ ಟವೆಲ್ಲು ಒಡ್ಡಿ ಹನ್ನೊಂದು ಪುಟ್ಟ ಮೀನು ಹಿಡಿದು ತಂದ. ‘ತಾತ, ನಮ್ಮ ಹೊಂಡಕ್ಕೆ ಬಿಡಲಾ?’ ಎಂದ. ‘ಬಿಡು’ ಎಂದೆ. 36 ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನು ಅವತ್ತು ಮಾತ್ರ ಲೆಕ್ಕ ಹಾಕಲಿಲ್ಲ.

ತೆಂಗಿನ ತೋಟದ ಮೂಲೆಯಲ್ಲಿ ನಮ್ಮದೊಂದು ಕೃಷಿ ಹೊಂಡವಿದೆ. ಅದರಲ್ಲಿ 200 ಕಾಟ್ಲಾ, ರೋಹು ಮರಿ ಬಿಟ್ಟಿದ್ದೆವು. ಇವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಮಳೆಗಾಲದ ಹರಿಯುವ ಹೊಳೆ ಬೇಕು. ಹಾಗಾಗಿ 200 ಬಿಟ್ಟರೆ ಇರುವುದು 200, ಮಿಂಚುಳ್ಳಿಯ ಪಾಲು ಕಳೆದು.

ಮೊಮ್ಮಗ ತಂದದ್ದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಆಫ್ರಿಕಾ ಮೂಲದ ಇದನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಇದರ ಸಂಸಾರ ಕೇಳಿ, ಮಕ್ಕಳೇ. ಗಂಡು ಮೀನು ತಳದಲ್ಲಿ ತಟ್ಟೆಯಂಥ ಗುಳಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಅವನ್ನೆಲ್ಲ ಬಾಯಲ್ಲಿ ತುಂಬಿಕೊಂಡು ಕಾಯುತ್ತದೆ. ಮರಿಗಳು ಹೊರಬಂದ ಮೇಲೂ ಹೆದರಿದರೆ ಓಡುವುದು ಅಮ್ಮನ ಬಾಯಿಗೇ! ಎರಡು ಮೂರು ತಿಂಗಳಾಗುವಷ್ಟರಲ್ಲಿ ಆ ಮರಿಗಳೂ ಮೊಟ್ಟೆಯಿಡುತ್ತವೆ. ಬಡ್ಡಿಯ ಮೇಲೆ ಬಡ್ಡಿ.

ಮರುವರ್ಷದ ದಸರೆಗೆ ಹೊಂಡದ ತುಂಬ ಬೆರಳುದ್ದದ ಮೀನು. ಮೇವು ಸಾಲದೆ ದೊಡ್ಡದಾಗುವುದಿಲ್ಲ, ಆದರೆ ಆ ಗಾತ್ರದಲ್ಲೂ ಮರಿ ಮಾಡುವುದನ್ನು ನಿಲ್ಲಿಸುವುದಿಲ್ಲ. ರಾತ್ರಿಯಿಡೀ ಮೀನು, ಪಾಚಿ ಎಲ್ಲವೂ ಉಸಿರಾಡಿ ಬೆಳಗಿನ ಜಾವಕ್ಕೆ ನೀರಿನಲ್ಲಿ ಪ್ರಾಣವಾಯು ತೀರಾ ಕಡಿಮೆಯಾಗುತ್ತದೆ. ಕಾಟ್ಲಾಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಒಂದು ಬೆಳಿಗ್ಗೆ ಏಳು ಸತ್ತು ತೇಲುತ್ತಿದ್ದವು.

ಮೊಮ್ಮಗ ಅವತ್ತು ತಿಂಡಿ ಮುಟ್ಟಲಿಲ್ಲ. ‘ನನ್ನಿಂದಲೇ ಅಲ್ವಾ ತಾತ?’ ಎಂದ. ‘ಬಿಡು ಅಂದವನು ನಾನು ಕಣೋ’ ಎಂದೆ.

ನನ್ನ ತಮ್ಮ, ಔಷಧಿ ಸುರಿದು ಎಲ್ಲ ಸಾಯಿಸಿಬಿಡೋಣ ಎಂದ. ದನ ಕುಡಿಯುವ ನೀರು, ನಾನು ಒಪ್ಪಲಿಲ್ಲ. ಮೊಮ್ಮಗ, ಹಿಡಿದು ಊರ ಕೆರೆಗೆ ಬಿಡೋಣ ಎಂದ. ನಾವು ಹೊಂಡದಲ್ಲಿ ಮಾಡಿದ ತಪ್ಪನ್ನೇ ಕೆರೆಯಲ್ಲೂ ಮಾಡಿದಂತಾಗುತ್ತಿತ್ತು. ಅಲ್ಲಿಯ ನಾಟಿ ಮೀನುಗಳ ಮೇವು, ಜಾಗ ಎರಡನ್ನೂ ಇವು ಕಸಿದುಕೊಳ್ಳುತ್ತವೆ.

ಕೊನೆಗೆ ಸಣ್ಣ ಕಣ್ಣಿನ ಬಲೆ ತಂದೆವು. ಮೊದಲ ದಿನ ಸಿಕ್ಕಿದ್ದು 14 ಕೆ.ಜಿ. ಮೊಮ್ಮಗ ನನ್ನ ಹಳೆಯ ಡೈರಿಯಲ್ಲಿ ತಾರೀಖು ಸಮೇತ ಬರೆದ. ಒಂದಷ್ಟು ಮನೆಮನೆಯ ಬಾಣಲೆಗೆ ಹೋಯಿತು, ಉಳಿದದ್ದು ತೆಂಗಿನ ಬುಡಕ್ಕೆ ಗೊಬ್ಬರವಾಯಿತು. ವಾರಕ್ಕೆರಡು ಸಲ ಬಲೆ ಬಿಟ್ಟರೂ ಮರಿಗಳು ಕಣ್ಣಿನಲ್ಲಿ ನುಸುಳುತ್ತಿದ್ದವು. ಆಗ ಪಕ್ಕದೂರಿನ ಮೀನು ಸಾಕುವವರೊಬ್ಬರ ಮಾತು ಕೇಳಿ, ಹಾವಿನಂಥ ತಲೆಯ ಕೊರವ ಮೀನು ಹನ್ನೆರಡು ಬಿಟ್ಟೆವು. ಇದು ಸಣ್ಣ ಮೀನನ್ನು ಬೇಟೆಯಾಡುತ್ತದೆ. ಆದರೆ ಬಿಡುವಾಗ ಗೇಣುದ್ದ ಮೀರಿರಬಾರದು, ಇಲ್ಲದಿದ್ದರೆ ಕಾಟ್ಲಾಗಳಿಗೂ ಬಾಯಿ ಹಾಕೀತು. ಮಳೆ ಬಂದರೆ ದಂಡೆ ಹತ್ತಿ ತೆವಳಿಕೊಂಡೇ ಹೊರಟುಬಿಡುತ್ತದೆ, ಅದಕ್ಕೆ ಸುತ್ತಲೂ ಬಲೆ ಕಟ್ಟಿದ್ದೇವೆ. (ಆಫ್ರಿಕಾದ ಕ್ಯಾಟ್‌ಫಿಶ್ ಬಿಡಿ ಎಂದೂ ಒಬ್ಬರು ಹೇಳಿದರು. ಅದನ್ನು ಸಾಕುವುದೇ ನಮ್ಮಲ್ಲಿ ನಿಷೇಧ.)

ಕಳೆದ ವಾರ ಬಲೆಗೆ ಬಿದ್ದದ್ದು ಮೂರೂವರೆ ಕೆ.ಜಿ. ಬೇಸಿಗೆಗೆ ದೊಡ್ಡ ಮೀನು ಹಿಡಿದು ಮಾರಿ, ನೀರನ್ನೆಲ್ಲ ತೋಟಕ್ಕೆ ಹಾಯಿಸಿ, ಹೊಂಡ ಒಣಗಿಸಿ ಸುಣ್ಣ ಚೆಲ್ಲಬೇಕು. ತಳದ ಒಂದೊಂದು ಗುಂಡಿಯಲ್ಲೂ ಹುಡುಕಬೇಕು, ಬಾಯಿ ತುಂಬ ಮರಿಯಿಟ್ಟುಕೊಂಡ ಒಂದು ತಾಯಿ ಉಳಿದರೂ ಖಾತೆ ಮತ್ತೆ ತೆರೆದಂತೆ. ನನ್ನ ಮೊಣಕಾಲು ಬಗ್ಗುವುದಿಲ್ಲ. ಮೊಮ್ಮಗನ ಪರೀಕ್ಷೆ ಮುಗಿಯಲೆಂದು ಕಾಯುತ್ತಿದ್ದೇನೆ.