ಊರು ಬಿಟ್ಟರೆ ನಿದ್ದೆ ಏಕೆ ಬರುವುದಿಲ್ಲ?

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬುದು ಹಿರಿಯರ ಮಾತು. ಆದರೆ ಯಾವ ಚಿಂತೆಯೂ ಇಲ್ಲದವರು ಕೂಡ ಮಗಳ ಮನೆಯಲ್ಲಿ, ಮೆತ್ತನೆಯ ಗಾದಿಯ ಮೇಲೆ, ಫ್ಯಾನಿನ ಕೆಳಗೆ ಮಲಗಿ ಬೆಳತನಕ ಹೊರಳಾಡುವುದುಂಟು. ‘ಊರು ಬಿಟ್ರ ನಿದ್ದಿ ಬರೂದಿಲ್ರಿ, ಒಂದ್ ಗುಳಿಗಿ ಬರದ್ ಕೊಡ್ರಿ’ ಎಂದು ದವಾಖಾನೆಗೆ ಬರುವವರು ಮದುವೆಯ ಹಂಗಾಮಿನಲ್ಲಿ ಮತ್ತು ಯಾತ್ರೆಯ ದಿನಗಳಲ್ಲಿ ಹೆಚ್ಚು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಜನರಿಗೆ ರಾತ್ರಿಯ ಪ್ರಯಾಣ ತಪ್ಪಿದ್ದಲ್ಲ. ರಾಜಧಾನಿ ಬೆಂಗಳೂರು ಸುಮಾರು ಐದು ನೂರು ಕಿಲೋಮೀಟರ್ ದೂರ. ಇಂಡಿ, ಬಾಗೇವಾಡಿಯವರಿಗೆ ಊರಿನ ಸಮೀಪ ರೈಲು ನಿಲ್ದಾಣವಾದರೂ ಇದೆ. ಸಿಂದಗಿ, ಮುದ್ದೇಬಿಹಾಳದವರು ಬಸ್ಸನ್ನೇ ನಂಬಬೇಕು. ಕೆಲಸ ಹುಡುಕಿಕೊಂಡು ಗೋವೆ, ಪುಣೆಗೆ ಹೋಗುವವರು, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವವರು, ರೋಗಿಯನ್ನು ಕರೆದುಕೊಂಡು ಸೊಲ್ಲಾಪುರ, ಮಿರಜಗೆ ಹೋಗುವವರು, ಯುಗಾದಿಗೆ ಶ್ರೀಶೈಲಕ್ಕೆ, ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವವರು – ಇವರೆಲ್ಲರಿಗೂ ಪರಸ್ಥಳದ ನಿದ್ದೆಯ ತೊಂದರೆ ಗೊತ್ತು. ಇದು ರೋಗವೇ? ಇದಕ್ಕೆ ಮಾತ್ರೆ ಬೇಕೇ? ಯಾರು ಎಚ್ಚರ ವಹಿಸಬೇಕು? ಈ ವಾರ ಅದನ್ನು ನೋಡೋಣ.

ಮಿದುಳಿನ ಕಾವಲು

ಹೊಸ ಜಾಗದಲ್ಲಿ ಮೊದಲ ದಿನ ನಿದ್ದೆ ಕೆಡುವುದು ರೋಗವಲ್ಲ. ನಿದ್ರಾತಜ್ಞರು ಇದನ್ನು ‘ಪ್ರಥಮ ರಾತ್ರಿಯ ಪರಿಣಾಮ’ ಎಂದು ಕರೆಯುತ್ತಾರೆ. (ಮದುವೆಗೂ ಇದಕ್ಕೂ ಸಂಬಂಧವಿಲ್ಲ!) ನಿದ್ದೆಯನ್ನು ಅಳೆಯಲು ಪ್ರಯೋಗಾಲಯಕ್ಕೆ ಬಂದು ಮಲಗುವ ಆರೋಗ್ಯವಂತರೂ ಮೊದಲ ರಾತ್ರಿ ಸರಿಯಾಗಿ ಮಲಗುವುದಿಲ್ಲ ಎಂಬುದನ್ನು ವಿಜ್ಞಾನಿಗಳು 1960ರ ದಶಕದಲ್ಲೇ ದಾಖಲಿಸಿದ್ದರು.

ಇದರ ಕಾರಣ 2016ರಲ್ಲಿ ಇನ್ನಷ್ಟು ಸ್ಪಷ್ಟವಾಯಿತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಹೊಸ ಜಾಗದಲ್ಲಿ ಮಲಗಿದವರ ಮಿದುಳನ್ನು ಪರೀಕ್ಷಿಸಿದಾಗ, ಗಾಢ ನಿದ್ದೆಯ ಹೊತ್ತಿನಲ್ಲೂ ಮಿದುಳಿನ ಎಡಭಾಗದ ಒಂದು ಜಾಲ ಬಲಭಾಗದಷ್ಟು ಆಳವಾಗಿ ನಿದ್ರಿಸಲಿಲ್ಲ. ಸಣ್ಣ ಸದ್ದು ಮಾಡಿದರೆ ಆ ಭಾಗ ಬೇಗ ಎಚ್ಚೆತ್ತುಕೊಳ್ಳುತ್ತಿತ್ತು. ಅದೇ ಜನ ಒಂದು ವಾರದ ನಂತರ ಅದೇ ಜಾಗದಲ್ಲಿ ಮಲಗಿದಾಗ ಈ ವ್ಯತ್ಯಾಸ ಕಾಣಲಿಲ್ಲ. ಡಾಲ್ಫಿನ್‌ಗಳು ಮತ್ತು ಕೆಲವು ಪಕ್ಷಿಗಳು ಅರ್ಧ ಮಿದುಳಿನಲ್ಲಿ ಮಲಗಿ, ಇನ್ನರ್ಧದಲ್ಲಿ ಎಚ್ಚರವಾಗಿರುತ್ತವೆ. ನಮ್ಮಲ್ಲಿ ಅದರ ಒಂದು ಚಿಕ್ಕ ಅಂಶ ಉಳಿದಿದೆ ಎನ್ನಬಹುದು.

ಅಂದರೆ, ಬಾಡಿಗೆಗೆ ಹಿಡಿದ ಎತ್ತು ಹೊಸ ಕೊಟ್ಟಿಗೆಯಲ್ಲಿ ಕಿವಿ ನಿಮಿರಿಸಿ ನಿಲ್ಲುವಂತೆ, ಮಿದುಳು ‘ಇದು ಯಾವ ಜಾಗವೋ, ನೋಡೋಣ’ ಎಂದು ಕಾವಲು ಕಾಯುತ್ತದೆ. ಜಾಗ ಸುರಕ್ಷಿತವೆಂದು ಮನವರಿಕೆಯಾದರೆ ಎರಡು-ಮೂರು ರಾತ್ರಿಗಳಲ್ಲಿ ಬಹುಮಂದಿಗೆ ನಿದ್ದೆ ತಾನಾಗಿ ಕೂಡಿಕೊಳ್ಳುತ್ತದೆ. ‘ನನಗೇನೋ ಆಗಿದೆ’ ಎಂದು ಗಾಬರಿಪಟ್ಟರೆ ಮಾತ್ರ ಆ ಕಾವಲು ಇನ್ನೂ ಬಿಗಿಯಾಗುತ್ತದೆ.

ಇತರ ಕಾರಣಗಳು

ಮಿದುಳಿನ ಕಾವಲಿಗೆ ಪ್ರಯಾಣದ ತೊಂದರೆಗಳೂ ಸೇರಿಕೊಳ್ಳುತ್ತವೆ.

ಸೆಕೆ: ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ಸ್ವಲ್ಪ ಇಳಿಯಬೇಕು. ಬೇಸಿಗೆಯಲ್ಲಿ ನಮ್ಮ ಕಡೆಯವರು ಮಾಳಿಗೆಯ ಮೇಲೋ ಅಂಗಳದಲ್ಲೋ ಗಾಳಿಗೆ ಮಲಗಿ ರೂಢಿಯಾದವರು. ನಗರದ ಮುಚ್ಚಿದ ಕೋಣೆಯಲ್ಲಿ ಅವರಿಗೆ ಉಸಿರು ಕಟ್ಟಿದಂತಾಗುವುದು ಸಹಜ.

ಬೆಳಕು: ಕತ್ತಲಾದಾಗ ಮಿದುಳಿನಲ್ಲಿ ‘ಮೆಲಟೋನಿನ್’ ಎಂಬ ಹಾರ್ಮೋನು ಹೆಚ್ಚಿ, ದೇಹಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಬೋಗಿಯ ದೀಪ, ಬೀದಿಯ ದೀಪ, ಕೈಯಲ್ಲಿನ ಮೊಬೈಲು ಇವೆಲ್ಲ ಅದನ್ನು ತಡೆಯುತ್ತವೆ.

ಚಹಾ: ಚಹಾ, ಕಾಫಿಯಲ್ಲಿರುವ ಕೆಫೀನ್‌ನ ಅರ್ಧದಷ್ಟು ರಕ್ತದಿಂದ ಹೋಗಲು ಸುಮಾರು 5 ಗಂಟೆ ಬೇಕು. ರಾತ್ರಿ 9ಕ್ಕೆ ಬಸ್ಸು ನಿಂತಲ್ಲಿ ಕುಡಿದ ಚಹಾದ ಅರ್ಧ ಪಾಲು 2 ಗಂಟೆಗೂ ಮೈಯಲ್ಲಿರುತ್ತದೆ.

ಊಟ: ಮದುವೆ ಮನೆಯಲ್ಲಿ ಹತ್ತು ಗಂಟೆಗೆ ಹುಗ್ಗಿ, ಭಜಿ ಉಂಡು ತಕ್ಷಣ ಅಡ್ಡಾದರೆ ಹೊಟ್ಟೆಯ ಆಮ್ಲ ಮೇಲಕ್ಕೆ ಬಂದು ಎದೆ ಉರಿಯುತ್ತದೆ. ಮಲಗುವುದಕ್ಕೆ ಎರಡು-ಮೂರು ಗಂಟೆ ಮುಂಚೆ ಊಟ ಮುಗಿಯಬೇಕು.

ಮದ್ಯ: ‘ಒಂದಿಷ್ಟು ತೊಗೊಂಡ್ರ ನಿದ್ದಿ ಛಲೋ ಬರ್ತದ’ ಎನ್ನುವವರಿದ್ದಾರೆ. ನಿದ್ದೆ ಬೇಗ ಹತ್ತುವುದು ನಿಜ. ಆದರೆ ಅಮಲು ಇಳಿಯುತ್ತಿದ್ದಂತೆ ನಡುರಾತ್ರಿಯ ನಂತರ ನಿದ್ದೆ ತುಂಡುತುಂಡಾಗುತ್ತದೆ. ಗೊರಕೆಯೂ ಹೆಚ್ಚುತ್ತದೆ.

ಮಾತ್ರೆ ಬೇಕೇ?

ಒಂದೆರಡು ರಾತ್ರಿಯ ನಿದ್ದೆಗಾಗಿ ಮಾತ್ರೆ ನುಂಗುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ. ಪಕ್ಕದ ಮನೆಯವರು ಕೊಟ್ಟ, ಹಿಂದೆಂದೋ ಬರೆಸಿದ್ದ ಚೀಟಿಯ ಗುಳಿಗೆಯಂತೂ ಖಂಡಿತ ಬೇಡ. ಅಲ್ಪ್ರಜೋಲಾಮ್, ಡಯಾಜೆಪಾಮ್ ಮೊದಲಾದ ಗುಳಿಗೆಗಳನ್ನು ಭಾರತ ಸರ್ಕಾರ 2014ರಿಂದ ಔಷಧಗಳ ‘ಎಚ್-1’ ಪಟ್ಟಿಗೆ ಸೇರಿಸಿದೆ. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಇಷ್ಟು ಬಿಗಿ ಮಾಡಿರುವುದು ಸುಮ್ಮನೆ ಅಲ್ಲ. ಅಭ್ಯಾಸಕ್ಕೆ ಬೀಳಿಸುವ ಗುಣ ಇವಕ್ಕಿದೆ. ಮದ್ಯದೊಂದಿಗೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಬಸ್ಸಿನಲ್ಲಿ ಕುಳಿತವರು ಗುಳಿಗೆ ನುಂಗಿ ಅಲುಗಾಡದೆ ಬಿದ್ದುಕೊಂಡರೆ ಕಾಲಿನ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಸಾಮಾನು ಕಳೆದುಕೊಳ್ಳುವ ಭಯವಂತೂ ಇದ್ದೇ ಇದೆ.

ವಾಂತಿಯಾಗದಿರಲಿ ಎಂದು ಪ್ರಯಾಣಕ್ಕೆ ಮುನ್ನ ನುಂಗುವ ಗುಳಿಗೆ, ನೆಗಡಿಯ ಕೆಲವು ಗುಳಿಗೆಗಳು ಕೂಡ ಮಂಪರು ತರುತ್ತವೆ. ಅವನ್ನು ತೆಗೆದುಕೊಂಡವರು ಮರುದಿನ ಬೆಳಿಗ್ಗೆಯೂ ಗಾಡಿ ಓಡಿಸಬಾರದು.

ಆದರೆ ಒಂದು ಮಾತು ನೆನಪಿರಲಿ. ವೈದ್ಯರ ಸಲಹೆಯಂತೆ ದಿನವೂ ನಿದ್ದೆಯ ಗುಳಿಗೆ ತೆಗೆದುಕೊಳ್ಳುತ್ತಿರುವವರು ಅದನ್ನು ಊರಲ್ಲಿ ಮರೆತು ಹೋಗಬಾರದು. ಒಮ್ಮೆಗೇ ನಿಂತರೆ ನಿದ್ದೆಗೇಡು, ನಡುಕ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು.

ಹಿರಿಯರ ವಿಷಯದಲ್ಲಿ ಜೋಕೆ

ಮಕ್ಕಳು ಬೆಂಗಳೂರು, ಪುಣೆಯಲ್ಲಿ ನೆಲೆಸಿರುವುದರಿಂದ ಅನೇಕ ತಂದೆತಾಯಿಗಳು ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುತ್ತಾರೆ. ಊರಲ್ಲಿ ಕಣ್ಣು ಮುಚ್ಚಿಕೊಂಡು ಬಚ್ಚಲಿಗೆ ಹೋಗಿ ಬರುತ್ತಿದ್ದ ಅಜ್ಜಿಗೆ ಮಗನ ಫ್ಲಾಟಿನಲ್ಲಿ ನಡುರಾತ್ರಿ ಎದ್ದರೆ ದಿಕ್ಕೇ ತಿಳಿಯುವುದಿಲ್ಲ. ನುಣುಪಾದ ಟೈಲ್ಸ್, ಕತ್ತಲೆ, ಅವಸರ ಮೂರೂ ಸೇರಿದರೆ ಬೀಳುವುದು ಸುಲಭ. ಅದರ ಮೇಲೆ ನಿದ್ದೆಯ ಗುಳಿಗೆಯನ್ನೂ ಕೊಟ್ಟಿದ್ದರೆ ಕೇಳುವುದೇ ಬೇಡ. ಈ ವಯಸ್ಸಿನಲ್ಲಿ ಸೊಂಟದ ಕೀಲಿನ ಎಲುಬು ಮುರಿದರೆ ಮತ್ತೆ ಮೊದಲಿನಂತೆ ನಡೆದಾಡುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ.

ಆದ್ದರಿಂದ ಅವರು ಬಂದ ದಿನವೇ ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯನ್ನು ಹಗಲಿನಲ್ಲಿ ಎರಡು ಸಲ ನಡೆಸಿ ತೋರಿಸಿ. ರಾತ್ರಿ ಸಣ್ಣ ದೀಪವೊಂದು ಉರಿಯುತ್ತಿರಲಿ. ಕನ್ನಡಕ, ಕೋಲು, ನೀರಿನ ತಂಬಿಗೆ ಕೈಗೆ ಸಿಗುವಂತಿರಲಿ. ಮೊದಲ ಎರಡು ರಾತ್ರಿ ಮನೆಯವರೊಬ್ಬರು ಅದೇ ಕೋಣೆಯಲ್ಲಿ ಮಲಗಿದರೆ ಇನ್ನೂ ಒಳ್ಳೆಯದು. ಹೊಸ ಜಾಗದಲ್ಲಿ ಅವರು ರಾತ್ರಿ ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡಿದರೆ, ಮನೆಯವರನ್ನೇ ಗುರುತಿಸದಿದ್ದರೆ ‘ನಿದ್ದೆಗೆಟ್ಟಿದೆ’ ಎಂದು ಬಿಡಬೇಡಿ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿದಿರುವುದು ಇದಕ್ಕೆ ಕಾರಣವಾಗಿರಬಹುದು. ಕೂಡಲೇ ವೈದ್ಯರಿಗೆ ತೋರಿಸಿ.

ರಕ್ತದೊತ್ತಡಕ್ಕೆ ‘ನೀರಿನ ಮಾತ್ರೆ’ ತೆಗೆದುಕೊಳ್ಳುವವರು ಅದನ್ನು ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ತಮ್ಮ ವೈದ್ಯರನ್ನು ಕೇಳಬೇಕು. ರಾತ್ರಿ ನಾಲ್ಕು ಸಲ ಏಳುವುದು ತಪ್ಪುತ್ತದೆ.

ಆಸ್ಪತ್ರೆಯ ಪಡಸಾಲೆಯಲ್ಲಿ

ರೋಗಿಯ ಜೊತೆ ಹೋದವರ ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ಜನ ಹೋಗಿ, ನಾಲ್ವರೂ ರಾತ್ರಿಯಿಡೀ ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು ಬೆಳಗು ಮಾಡುತ್ತಾರೆ. ಬೆಳಿಗ್ಗೆ ವೈದ್ಯರು ಹೇಳಿದ್ದು ಯಾರ ತಲೆಗೂ ಹೋಗುವುದಿಲ್ಲ. ಪಾಳಿ ಹಾಕಿಕೊಳ್ಳಿ. ಇಬ್ಬರು ಎಚ್ಚರವಿದ್ದರೆ ಇಬ್ಬರು ಮಲಗಲಿ. ಸಹಿ ಹಾಕಬೇಕಾದವರು, ವೈದ್ಯರೊಂದಿಗೆ ಮಾತನಾಡಬೇಕಾದವರು ಮೊದಲು ಮಲಗಲಿ.

ಏನು ಮಾಡಬೇಕು?

1. ಹೊರಡುವ ಹಿಂದಿನ ಎರಡು-ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡಿ. ಗಂಟು-ಮೂಟೆ ಕಟ್ಟುವ ಕೆಲಸ ಹಿಂದಿನ ದಿನ ಸಂಜೆಯೇ ಮುಗಿಯಲಿ.

2. ಮನೆಯ ಕೌದಿಯನ್ನೋ ದಿಂಬಿನ ಕವರನ್ನೋ ಜೊತೆಗೆ ಒಯ್ಯಿರಿ. ರೂಢಿಯ ವಾಸನೆ, ರೂಢಿಯ ಹೊದಿಕೆ ಮಿದುಳಿಗೆ ಧೈರ್ಯ ಕೊಡುತ್ತವೆ. ಹಾಸ್ಯದ ಮಾತಲ್ಲ, ಚಿಕ್ಕ ಮಕ್ಕಳಿಗಂತೂ ಇದು ಬಹಳ ಉಪಯೋಗ.

3. ಮಲಗುವ ಹೊತ್ತು ಬದಲಾದರೂ ಮಲಗುವ ಮುಂಚಿನ ಕ್ರಮ ಬದಲಾಗದಿರಲಿ. ಕೈಕಾಲು ತೊಳೆಯುವುದು, ಪ್ರಾರ್ಥನೆ, ವಚನ ಓದುವುದು, ಮನೆಯಲ್ಲಿ ಏನು ಮಾಡುವಿರೋ ಅದನ್ನೇ ಮಾಡಿ.

4. ಕಣ್ಣಿಗೆ ಮೃದುವಾದ ಬಟ್ಟೆ ಕಟ್ಟಿಕೊಳ್ಳಿ. ಗದ್ದಲವಿದ್ದರೆ ಔಷಧ ಅಂಗಡಿಯಲ್ಲಿ ಸಿಗುವ ಕಿವಿಯ ಬಿರಡೆ ಬಳಸಬಹುದು. ಗುಡಿಸಲು, ಧರ್ಮಶಾಲೆಗಳಲ್ಲಿ ಮಲಗುವವರು ಸೊಳ್ಳೆಪರದೆ ಮರೆಯಬಾರದು.

5. ಸಂಜೆ 4ರ ನಂತರ ಚಹಾ ಬೇಡ. ಆದರೆ ನೀರು ಬಿಡಬೇಡಿ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಹೆಣ್ಣುಮಕ್ಕಳು ಇಡೀ ದಿನ ನೀರು ಕುಡಿಯದೇ ಇರುವುದುಂಟು. ಇದರಿಂದ ಉರಿಮೂತ್ರ ಬರಬಹುದು. ಹಗಲಿನಲ್ಲಿ ಸಾಕಷ್ಟು ಕುಡಿದು, ಹೊರಡುವ ಒಂದೆರಡು ಗಂಟೆ ಮುಂಚೆ ಕಡಿಮೆ ಮಾಡಿ.

6. ಬಸ್ಸು ನಿಂತಾಗಲೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಕುಳಿತಲ್ಲೇ ಪಾದವನ್ನು ಮೇಲೆ-ಕೆಳಗೆ ಆಡಿಸಿ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಪ್ರಯಾಣಿಸುವವರಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿತು. ಒಟ್ಟಾರೆ ನೋಡಿದರೆ ಅಪಾಯ ಚಿಕ್ಕದೇ.

7. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಒದ್ದಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಮತ್ತೆ ಮಲಗಿ. ಪದೇಪದೇ ಗಡಿಯಾರ ನೋಡಬೇಡಿ.

8. ಮರುದಿನ ಎಂದಿನ ಹೊತ್ತಿಗೇ ಏಳಿ. ಮಧ್ಯಾಹ್ನ 3ರ ಒಳಗೆ ಇಪ್ಪತ್ತು-ಮೂವತ್ತು ನಿಮಿಷ ಅಡ್ಡಾದರೆ ಸಾಕು. ಸಂಜೆಯವರೆಗೆ ಮಲಗಿದರೆ ಎರಡನೆಯ ರಾತ್ರಿಯೂ ಕೆಡುತ್ತದೆ.

ಚಾಲಕರ ನಿದ್ದೆ

ಹೊಸ ಜಾಗದಲ್ಲಿ ಒಂದು ರಾತ್ರಿ ನಿದ್ದೆಗೆಟ್ಟರೆ ನಮಗೆ ನಿಮಗೆ ಆಗುವ ನಷ್ಟ ಆಕಳಿಕೆ, ಸಿಡುಕು ಅಷ್ಟೇ. ಆದರೆ ಅದೇ ರಾತ್ರಿ ನಿದ್ದೆಗೆಟ್ಟವನು ನಮ್ಮ ಕ್ರೂಸರಿನ ಚಾಲಕನಾಗಿದ್ದರೆ? ಯಾತ್ರೆಯ ಗಾಡಿಗಳಲ್ಲಿ ನಡೆಯುವುದು ಇದೇ. ರಾತ್ರಿಯಿಡೀ ಗಾಡಿ ಓಡುತ್ತದೆ. ಹಿಂದೆ ಕುಳಿತವರು ತೂಕಡಿಸುತ್ತಾರೆ. ಬೆಳಿಗ್ಗೆ ಎಲ್ಲರೂ ಸ್ನಾನ, ದರ್ಶನಕ್ಕೆ ಹೋದಾಗ ಚಾಲಕ ಬಿಸಿಲಲ್ಲಿ ನಿಂತ ಗಾಡಿಯಲ್ಲೇ ಕಾಲು ಮಡಚಿ ಒಂದು ಗಂಟೆ ಬೀಳುತ್ತಾನೆ. ಸಂಜೆ ‘ಖರ್ಚು ಉಳೀತದ, ನಡೀರಿ’ ಎಂದು ಮತ್ತೆ ಹೊರಡುತ್ತಾರೆ.

ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದ 100 ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದರು. ನಮ್ಮ ಮೋಟಾರು ವಾಹನ ಕಾಯ್ದೆ ಚಾಲಕರಿಗೆ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಕುಡಿದವನ ಗಾಡಿಯನ್ನು ನಾವು ಹತ್ತುವುದಿಲ್ಲ. ಎರಡು ರಾತ್ರಿ ಮಲಗದವನ ಗಾಡಿಯನ್ನು ನಿಶ್ಚಿಂತೆಯಿಂದ ಹತ್ತುತ್ತೇವೆ.

ನಸುಕಿನ 2ರಿಂದ 5 ಗಂಟೆ ಮತ್ತು ಮಧ್ಯಾಹ್ನದ 2ರಿಂದ 4 ಗಂಟೆ ದೇಹದ ಗಡಿಯಾರ ನಿದ್ದೆಗೆ ಎಳೆಯುವ ಹೊತ್ತು. ಮೇಲಿಂದ ಮೇಲೆ ಆಕಳಿಕೆ, ಕಣ್ಣುಜ್ಜುವುದು, ಗಾಡಿ ರಸ್ತೆಯ ಅಂಚಿಗೆ ಸರಿಯುವುದು, ದಾಟಿ ಬಂದ ಊರು ನೆನಪಾಗದಿರುವುದು ಅಪಾಯದ ಸೂಚನೆಗಳು. ಹಾಡು ಹಾಕುವುದು, ಕಿಟಕಿ ತೆರೆಯುವುದು, ಮುಖಕ್ಕೆ ನೀರು ಹೊಡೆದುಕೊಳ್ಳುವುದರಿಂದ ನಿದ್ದೆ ಹೋಗುವುದಿಲ್ಲ. ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಒಂದು ಕಪ್ ಚಹಾ ಕುಡಿದು, ಇಪ್ಪತ್ತು ನಿಮಿಷ ಮಲಗುವುದು ತಾತ್ಕಾಲಿಕ ಉಪಾಯ. ಪೂರ್ತಿ ನಿದ್ದೆಗೆ ಬದಲಿಯಿಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಮನೆಗೆ ಮರಳಿದ ಮೇಲೂ ವಾರಕ್ಕೆ ಮೂರು ರಾತ್ರಿಯಂತೆ ನಿದ್ದೆಗೇಡು ಮುಂದುವರಿದರೆ, ಜೋರು ಗೊರಕೆಯ ನಡುವೆ ಉಸಿರು ನಿಂತು ದಿಗ್ಗನೆ ಎಚ್ಚರವಾಗುತ್ತಿದ್ದರೆ, ಮಲಗಿದಾಗ ದಮ್ಮು ಬಂದು ಎದ್ದು ಕೂಡಬೇಕಾದರೆ, ದುಡಿಯಲು ಹೋದ ಊರಲ್ಲಿ ಮನಸ್ಸು ಸದಾ ಕುಗ್ಗಿ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ದೀರ್ಘ ಪ್ರಯಾಣದ ನಂತರ ಒಂದೇ ಕಾಲು ಊದಿ ನೋಯುತ್ತಿದ್ದರೆ, ಎದೆನೋವು, ಉಬ್ಬಸ ಕಾಣಿಸಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಉಳಿದವರು ಒಂದೆರಡು ರಾತ್ರಿ ತಾಳ್ಮೆಯಿಂದಿದ್ದರೆ ಸಾಕು. ಮುಂದಿನ ಸಲ ಯಾತ್ರೆಗೆ ಗಾಡಿ ಗೊತ್ತು ಮಾಡುವಾಗ ಬಾಡಿಗೆಯ ಮಾತಿನ ಜೊತೆಗೆ ‘ಚಾಲಕ ನಿನ್ನೆ ಮಲಗಿದ್ದನೇ?’ ಎಂದೂ ಕೇಳಿ. ಹೋದ ಊರಿನಲ್ಲಿ ನಿಮಗಾಗಿ ಕೋಣೆ ಹಿಡಿಯುವಾಗ ಅವನಿಗೂ ಒಂದು ಮಂಚ ಹಿಡಿಯಿರಿ.