ಮ್ಯಾನಿಫೋಲ್ಡ್ ತಿರುಗಿಸಿದರೆ ಟರ್ಬೊ ಕಾರು ಚುರುಕಾಗುವುದೇ?

ಟರ್ಬೊ ಅಳವಡಿಸಿದ ಕಾರಿನ ಆಕ್ಸಿಲರೇಟರ್ ತುಳಿದ ಮೇಲೆ ಎಂಜಿನ್ ಒಂದು ಕ್ಷಣ ತಡವರಿಸಿ ಆಮೇಲೆ ನುಗ್ಗುತ್ತದೆ ಎಂಬುದು ಬಹಳ ಹಳೆಯ ದೂರು. ಈ ವಿಳಂಬವನ್ನು ತಗ್ಗಿಸಲು ಕಾರುಪ್ರಿಯರು ನಾನಾ ಉಪಾಯಗಳನ್ನು ಹೂಡಿದ್ದಾರೆ. ಜಪಾನಿನ ಸುಬಾರು ಇಂಪ್ರೆಜಾ ಕಾರುಗಳ ಒಡೆಯರು ಕಂಡುಕೊಂಡ ಉಪಾಯ ಅವುಗಳಲ್ಲಿ ವಿಶಿಷ್ಟವಾದುದು. ಎಂಜಿನ್ನಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡನ್ನು ಬಿಚ್ಚಿ, ಹಿಂದುಮುಂದಾಗಿ ತಿರುಗಿಸಿ ಮತ್ತೆ ಕೂರಿಸುವುದೇ ಆ ಉಪಾಯ.

ಕೇಳುವುದಕ್ಕೆ ಇದು ಸರಳ. ಆದರೆ ಇದರಿಂದ ದೊರೆಯುವ ಲಾಭವೆಷ್ಟು, ತೆರಬೇಕಾದ ಬೆಲೆಯೆಷ್ಟು ಎಂಬ ಲೆಕ್ಕ ಅಷ್ಟು ಸರಳವಲ್ಲ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನಿನ ಕಾರುಗಳು ನಮ್ಮ ರಸ್ತೆಗಳಲ್ಲೂ ಸಾಮಾನ್ಯವಾಗಿರುವ ಈ ಹೊತ್ತಿನಲ್ಲಿ ಈ ಲೆಕ್ಕವನ್ನು ಅರಿಯುವುದು ಉಪಯುಕ್ತ.

ಏನಿದು ಮ್ಯಾನಿಫೋಲ್ಡ್?

ಎಂಜಿನ್ ಸೇದಿಕೊಳ್ಳುವ ಗಾಳಿ ಮೊದಲು ಥ್ರಾಟಲ್ ಬಾಡಿಯನ್ನು ಹಾದು ಬರುತ್ತದೆ. ಆಕ್ಸಿಲರೇಟರ್ ತುಳಿದಾಗ ತೆರೆದುಕೊಳ್ಳುವ ಕವಾಟ ಇರುವುದು ಇಲ್ಲಿಯೇ. ಅಲ್ಲಿಂದ ಮುಂದೆ ಗಾಳಿಯನ್ನು ಕವಲೊಡೆಸಿ ಪ್ರತಿಯೊಂದು ಸಿಲಿಂಡರಿಗೂ ತಲುಪಿಸುವ ಲೋಹದ ಅಥವಾ ಪ್ಲಾಸ್ಟಿಕ್ಕಿನ ಕೊಳವೆಗಳ ಜೋಡಣೆಯೇ ಇನ್‌ಟೇಕ್ ಮ್ಯಾನಿಫೋಲ್ಡ್. ಊರಿನ ನೀರಿನ ಟ್ಯಾಂಕಿನಿಂದ ಬೀದಿ ಬೀದಿಗೆ ಕವಲಾಗುವ ಕೊಳವೆಗಳನ್ನು ನೆನೆದರೆ ಇದರ ಚಿತ್ರ ಸಿಗುತ್ತದೆ.

ಟರ್ಬೊ ಇರುವ ಕಾರಿನಲ್ಲಿ ಗಾಳಿ ಇನ್ನೂ ದೀರ್ಘವಾದ ಯಾತ್ರೆ ಮಾಡಬೇಕು. ಸೈಲೆನ್ಸರಿನತ್ತ ಹೊರಟ ಬಿಸಿ ಹೊಗೆ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಆದ್ದರಿಂದ ಅದನ್ನು ಇಂಟರ್‌ಕೂಲರ್ ಎಂಬ, ರೇಡಿಯೇಟರನ್ನೇ ಹೋಲುವ ಸಾಧನದಲ್ಲಿ ತಣಿಸಿ ಥ್ರಾಟಲ್ ಬಾಡಿಗೆ ಕಳುಹಿಸಲಾಗುತ್ತದೆ.

ಬಿಸಿ ಎಷ್ಟೆಂದರೆ...

ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ಇದೆಯೆಂದಿಟ್ಟುಕೊಳ್ಳೋಣ. ಟರ್ಬೊ ಅದರ ಒತ್ತಡವನ್ನು ಎರಡು ಪಟ್ಟು ಮಾಡಿದರೆ, ಕಂಪ್ರೆಸರಿನ ದಕ್ಷತೆ ಶೇ. 72ರಷ್ಟಿದ್ದರೂ, ಹೊರಬರುವ ಗಾಳಿಯ ಉಷ್ಣತೆ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಅಂದರೆ ನೀರು ಕುದಿಯುವ ಮಟ್ಟಕ್ಕಿಂತಲೂ ಹೆಚ್ಚು. ಬಿಸಿ ಗಾಳಿ ಹಿಗ್ಗಿರುತ್ತದೆ, ಅದರಲ್ಲಿ ಆಮ್ಲಜನಕ ವಿರಳ. ಈ ಹೆಚ್ಚುವರಿ ಬಿಸಿಯಲ್ಲಿ ಶೇ. 70ರಷ್ಟನ್ನು ಇಂಟರ್‌ಕೂಲರ್ ಹೊರಹಾಕಿದರೆ ಗಾಳಿ 60 ಡಿಗ್ರಿಯ ಆಸುಪಾಸಿಗೆ ಇಳಿದು, ಅದೇ ಒತ್ತಡದಲ್ಲಿ ಸುಮಾರು ಶೇ. 19ರಷ್ಟು ಹೆಚ್ಚು ಸಾಂದ್ರವಾಗುತ್ತದೆ. ಶಕ್ತಿ ಹೆಚ್ಚುವುದು ಇಲ್ಲಿ. ಎಂಜಿನ್ ಸುರಕ್ಷಿತವಾಗಿ ಉಳಿಯುವುದೂ ಇಲ್ಲಿಯೇ. ಆದ ಕಾರಣ ಇಂಟರ್‌ಕೂಲರ್ ಎಲ್ಲಿರಬೇಕು ಎಂಬುದು ಟರ್ಬೊ ಕಾರಿನ ವಿನ್ಯಾಸದಲ್ಲಿ ಮಹತ್ವದ ಪ್ರಶ್ನೆ.

ಮೇಲೆಯೋ? ಮುಂದೆಯೋ?

1989ರಲ್ಲಿ ಲೆಗಸಿ ಕಾರಿನೊಂದಿಗೆ ಬಂದ ಸುಬಾರುವಿನ 'ಇಜೆ' ಮಾದರಿಯ ಎಂಜಿನ್ ಬಾಕ್ಸರ್ ವರ್ಗಕ್ಕೆ ಸೇರಿದ್ದು. ಇದರ ನಾಲ್ಕು ಸಿಲಿಂಡರುಗಳು ಎಡಕ್ಕೆರಡು, ಬಲಕ್ಕೆರಡರಂತೆ ಅಡ್ಡವಾಗಿ ಮಲಗಿರುತ್ತವೆ. ಕಾಲಿನ್ ಮೆಕ್ರೇ 1995ರಲ್ಲಿ, ರಿಚರ್ಡ್ ಬರ್ನ್ಸ್ 2001ರಲ್ಲಿ, ಪೆಟ್ಟರ್ ಸೋಲ್‌ಬರ್ಗ್ 2003ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಸುಬಾರು ಇಂಪ್ರೆಜಾ ಓಡಿಸಿ. ಆ ಕೀರ್ತಿಯಿಂದಾಗಿಯೇ ರಸ್ತೆಗಿಳಿದ ಇಂಪ್ರೆಜಾ ಕಾರುಗಳನ್ನು ಮಾರ್ಪಡಿಸುವ ಹವ್ಯಾಸ ಜಪಾನ್, ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಹಬ್ಬಿತು.

ರಸ್ತೆಯ ಇಂಪ್ರೆಜಾದಲ್ಲಿ ಟರ್ಬೊ ಇರುವುದು ಎಂಜಿನ್ನಿನ ಹಿಂಬದಿಯ ಬಲ ಮೂಲೆಯಲ್ಲಿ. ಇಂಟರ್‌ಕೂಲರ್ ಅಲ್ಲಿಯೇ ಪಕ್ಕದಲ್ಲಿ, ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ ಮಲಗಿದೆ. ಬಾನೆಟ್ ಮೇಲೆ ಎದ್ದು ಕಾಣುವ ಗಾಳಿಗಿಂಡಿ ಅದಕ್ಕೆ ಗಾಳಿ ಉಣಿಸುತ್ತದೆ. ಥ್ರಾಟಲ್ ಬಾಡಿ ಕೂಡ ಹಿಂದಕ್ಕೇ ಮುಖ ಮಾಡಿದೆ. ಹೀಗಾಗಿ ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಥ್ರಾಟಲ್ ಎಲ್ಲವೂ ಕೈಯಳತೆಯಲ್ಲಿವೆ. ಗಾಳಿಯ ಹಾದಿ ಅತ್ಯಂತ ಚಿಕ್ಕದು.

ಆದರೆ ಇದಕ್ಕೊಂದು ದೋಷವಿದೆ. ಕಾರು ನಿಂತಾಗ ಅಥವಾ ಟ್ರಾಫಿಕ್ಕಿನಲ್ಲಿ ತೆವಳುವಾಗ ಕೆಳಗಿನಿಂದೇಳುವ ಎಂಜಿನ್ ಶಾಖ ನೇರವಾಗಿ ಇಂಟರ್‌ಕೂಲರನ್ನು ಕಾಯಿಸುತ್ತದೆ. ತಣಿಸಬೇಕಾದ ಸಾಧನವೇ ಬಿಸಿಯಾಗಿರುತ್ತದೆ. ಟರ್ಬೊದ ಒತ್ತಡ ಹೆಚ್ಚಿಸಿದವರಿಗೆ ಇದರ ಗಾತ್ರವೂ ಸಾಲದಾಗುತ್ತದೆ. ಆದ್ದರಿಂದ ಅವರು ದೊಡ್ಡ ಇಂಟರ್‌ಕೂಲರೊಂದನ್ನು ತಂದು ಬಂಪರಿನ ಹಿಂದೆ, ರೇಡಿಯೇಟರಿನ ಮುಂದೆ ಕೂರಿಸುತ್ತಾರೆ.

ಹೊಸ ತೊಡಕು ಶುರುವಾಗುವುದು ಆಗಲೇ. ಹಿಂದಿರುವ ಟರ್ಬೊದಿಂದ ಗಾಳಿ ಕಾರಿನ ಮೂತಿಯವರೆಗೆ ಹೋಗಬೇಕು. ತಣಿದ ಮೇಲೆ ಮತ್ತೆ ಎಂಜಿನ್ನನ್ನು ದಾಟಿ ಹಿಂದಕ್ಕೆ ಮುಖ ಮಾಡಿರುವ ಥ್ರಾಟಲ್ ಬಾಡಿಗೆ ಬರಬೇಕು. ಮ್ಯಾನಿಫೋಲ್ಡನ್ನೇ ತಿರುಗಿಸಿ ಥ್ರಾಟಲ್ ಮುಂದಕ್ಕೆ ಬರುವಂತೆ ಮಾಡಿದರೆ ಮರುಪ್ರಯಾಣದ ಕೊಳವೆ ಬಹುಪಾಲು ಉಳಿಯುತ್ತದೆ ಎಂಬ ಆಲೋಚನೆ ಹುಟ್ಟಿದ್ದು ಇಲ್ಲಿಂದ.

ಇದು ಸಾಧ್ಯವಾಗುವುದಕ್ಕೆ ಬಾಕ್ಸರ್ ಎಂಜಿನ್ನಿನ ರಚನೆಯೇ ಕಾರಣ. ಎಡ ಬಲದ ಸಿಲಿಂಡರ್ ಸಾಲುಗಳು ಒಂದಕ್ಕೊಂದು ಎದುರುಬದುರಾಗಿದ್ದರೂ ತುಸು ಹಿಂದೆಮುಂದೆ ಇವೆ. ಬಲಸಾಲು ಎಷ್ಟು ಮುಂದಿದೆಯೋ ಎಡಸಾಲು ಅಷ್ಟೇ ಹಿಂದಿದೆ. ಇಂತಹ ಜೋಡಣೆಯನ್ನು ಮೇಲಿನಿಂದ ನೋಡಿ ಅರ್ಧ ಸುತ್ತು ತಿರುಗಿಸಿದರೆ ನಾಲ್ಕೂ ಬಾಯಿಗಳು ಮತ್ತೆ ನಾಲ್ಕು ಬಾಯಿಗಳ ಮೇಲೆಯೇ ಕೂರುತ್ತವೆ.

ಉಳಿತಾಯವೆಷ್ಟು?

ಈಗ ಮುಖ್ಯ ಪ್ರಶ್ನೆಗೆ ಬರೋಣ. 60 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ 80 ಸೆಂ.ಮೀ. ಉಳಿಯಿತೆಂದು ಭಾವಿಸೋಣ. ಅದರ ಒಳಗಾತ್ರ ಸುಮಾರು 2.3 ಲೀಟರ್. ಒತ್ತಡ ಹೊರಗಿನದಕ್ಕಿಂತ ಎರಡು ಪಟ್ಟಾಗಬೇಕಿದ್ದರೆ ಈ ಜಾಗಕ್ಕೆ ಇನ್ನೂ 2.3 ಲೀಟರ್ ಗಾಳಿ ತುಂಬಬೇಕು. ಇತ್ತ 2 ಲೀಟರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ ಸುಮಾರು 50 ಲೀಟರ್ ಗಾಳಿ ಸೇದುತ್ತದೆ. ಅಷ್ಟೇ ಪ್ರಮಾಣದ ಗಾಳಿಯನ್ನು ಟರ್ಬೊ ಹೆಚ್ಚುವರಿಯಾಗಿ ಒದಗಿಸಬಲ್ಲದಾದರೆ ಆ ಕೊಳವೆ ತುಂಬಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಟರ್ಬೊ ಇನ್ನೂ ವೇಗ ಹಿಡಿಯದೆ, ಅದರ ಐದನೇ ಒಂದು ಭಾಗವನ್ನಷ್ಟೇ ಒದಗಿಸಿದರೂ ಕಾಲು ಸೆಕೆಂಡಿನೊಳಗೆ ತುಂಬುತ್ತದೆ.

ಮ್ಯಾನಿಫೋಲ್ಡ್ ತಿರುಗಿಸಿದ್ದರಿಂದ ದೊರೆಯುವ ಚುರುಕು ಈ ಎರಡು ಅಂಕಿಗಳ ನಡುವೆ ಇದೆ. ರ‍್ಯಾಲಿಯ ತಿರುವಿನಲ್ಲಿ ಇದಕ್ಕೆ ಬೆಲೆಯುಂಟು. ಕಚೇರಿಗೆ ಹೋಗಿಬರುವ ರಸ್ತೆಯಲ್ಲಿ ಇದನ್ನು ಗುರುತಿಸುವುದೇ ಕಷ್ಟ. ಟರ್ಬೊ ವಿಳಂಬದ ದೊಡ್ಡ ಪಾಲು ಕೊಳವೆಯ ಉದ್ದದಿಂದ ಬರುವುದಿಲ್ಲ. ಕಡಿಮೆ ಹೊಗೆಯ ಬಲದಿಂದ ಟರ್ಬೊದ ಚಕ್ರಗಳು ನಿಮಿಷಕ್ಕೆ ಲಕ್ಷ ಸುತ್ತಿನ ವೇಗಕ್ಕೆ ಏರಬೇಕಲ್ಲ, ಆ ಏರುವಿಕೆಗೆ ಬೇಕಾದ ಸಮಯವೇ ವಿಳಂಬದ ಮೂಲ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಕವಲುಕೊಳವೆಗಳ ಉದ್ದಗಲ ಹಾಗೆಯೇ ಉಳಿಯುವುದರಿಂದ ತಿರುಗಿಸಿದ ಮಾತ್ರಕ್ಕೆ ಅಶ್ವಶಕ್ತಿ ಏರದು. ಇಂಟರ್‌ಕೂಲರನ್ನು ಮೇಲಿನಿಂದ ಮುಂದಕ್ಕೆ ಒಯ್ದಾಗ ಕಳೆದುಹೋದ ಚುರುಕಿನಲ್ಲಿ ಒಂದಂಶವನ್ನು ಮರಳಿ ಪಡೆಯುವುದಷ್ಟೇ ಈ ಕೆಲಸದ ಸಾಧನೆ. ಕಾರ್ಖಾನೆಯಿಂದ ಬಂದ ಮೂಲ ಜೋಡಣೆಯ ಹಾದಿ ಆಗಲೇ ಎಲ್ಲಕ್ಕಿಂತ ಚಿಕ್ಕದಾಗಿತ್ತು.

ಬಿಚ್ಚಿದ ಮೇಲಿನ ತಾಪತ್ರಯ

ಮ್ಯಾನಿಫೋಲ್ಡ್ ಬರಿಯ ಕೊಳವೆಯಲ್ಲ. ಇಂಜೆಕ್ಟರುಗಳು, ಇಂಧನದ ಪೈಪುಗಳು, ಸಂವೇದಕಗಳು, ಬ್ರೇಕ್ ಬೂಸ್ಟರಿಗೆ ಹೋಗುವ ಹೋಸ್, ಕೆಲವು ಮಾದರಿಗಳಲ್ಲಿ ಬಿಸಿನೀರಿನ ಹೋಸ್‌ಗಳು ಕೂಡ ಅದಕ್ಕೆ ಅಂಟಿಕೊಂಡಿವೆ. ತಿರುಗಿಸಿದಾಗ ಇವೆಲ್ಲಕ್ಕೂ ಹೊಸ ಹಾದಿ ಹುಡುಕಬೇಕು. ಇಜೆ ಎಂಜಿನ್ನಿನ ಮುಂಭಾಗದಲ್ಲಿ ಮೇಲ್ಗಡೆಯೇ ಆಲ್ಟರ್ನೇಟರ್ ಮತ್ತು ಪವರ್ ಸ್ಟೀರಿಂಗ್ ಪಂಪ್ ಇವೆ. ಮುಂದಕ್ಕೆ ತಿರುಗಿದ ಥ್ರಾಟಲ್ಲಿಗೆ ಬರುವ ದಪ್ಪ ಕೊಳವೆ ಇವನ್ನು ಬಳಸಿಕೊಂಡು ಬರಬೇಕು, ಇಲ್ಲವೇ ಇವುಗಳ ಸ್ಥಾನ ಬದಲಿಸಬೇಕು. ಹಳೆಯ ಮಾದರಿಗಳಲ್ಲಿ ಆಕ್ಸಿಲರೇಟರ್ ಕೇಬಲ್ ಹಿಂದಿನಿಂದ ಬರುತ್ತದೆ. ಅದು ಮುಂದಕ್ಕೆ ತಲುಪುವಂತೆಯೂ ಮಾಡಬೇಕು.

ಎಲ್ಲಕ್ಕಿಂತ ಎಚ್ಚರ ವಹಿಸಬೇಕಾದುದು ವೈರಿಂಗಿನಲ್ಲಿ. ಅರ್ಧ ಸುತ್ತು ತಿರುಗಿದಾಗ ಒಂದನೇ ಸಿಲಿಂಡರಿನ ಇಂಜೆಕ್ಟರ್ ನಾಲ್ಕನೆಯದರ ಮೇಲೆ, ಮೂರನೆಯದು ಎರಡರ ಮೇಲೆ ಬರುತ್ತದೆ. ಕಂಪ್ಯೂಟರ್ ಪ್ರತಿಯೊಂದು ಸಿಲಿಂಡರಿಗೂ ಅದರದೇ ಸಮಯದಲ್ಲಿ ಇಂಧನ ಸಿಂಪಡಿಸಲು ಆಜ್ಞೆ ನೀಡುತ್ತದೆ. ತಂತಿಗಳನ್ನು ಅದಲುಬದಲು ಮಾಡದಿದ್ದರೆ ಆಜ್ಞೆ ಒಂದು ಸಿಲಿಂಡರಿಗೆ, ಇಂಧನ ಇನ್ನೊಂದಕ್ಕೆ ಎಂಬಂತಾಗುತ್ತದೆ.

ಎಂಜಿನ್ನಿಗೇ ಕುತ್ತು

ನಿಜವಾದ ಅಪಾಯ ಅಡಗಿರುವುದು ಗಾಳಿಯ ಅಳತೆಯಲ್ಲಿ. ಈ ಕಾರುಗಳಲ್ಲಿ ಏರ್ ಫಿಲ್ಟರ್ ಮತ್ತು ಟರ್ಬೊ ನಡುವೆ ಇರುವ ಸಂವೇದಕ ಒಳಬರುವ ಗಾಳಿಯನ್ನು ಅಳೆದು ಕಂಪ್ಯೂಟರಿಗೆ ತಿಳಿಸುತ್ತದೆ. ಅದನ್ನು ಆಧರಿಸಿ ಪೆಟ್ರೋಲ್ ಎಷ್ಟೆಂದು ನಿರ್ಧಾರವಾಗುತ್ತದೆ. ಹೊಸ ಕೊಳವೆಗಳಿಗೆ ಜಾಗ ಮಾಡಲು ಮೂಲ ಏರ್ ಫಿಲ್ಟರ್ ಪೆಟ್ಟಿಗೆಯನ್ನು ತೆಗೆದು, ಬೇರೆ ವ್ಯಾಸದ ಕೊಳವೆಯಲ್ಲಿ ಸಂವೇದಕವನ್ನು ಕೂರಿಸಿದರೆ ಅಳತೆ ತಪ್ಪುತ್ತದೆ. ಬಂದ ಗಾಳಿ ಹೆಚ್ಚು, ಕಂಪ್ಯೂಟರ್ ಎಣಿಸಿದ್ದು ಕಡಿಮೆ ಎಂದಾದಾಗ ಪೆಟ್ರೋಲ್ ಸಾಲದಾಗುತ್ತದೆ.

ಪೆಟ್ರೋಲ್ ಪೂರ್ಣವಾಗಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಆದರೆ ಟರ್ಬೊ ಪೂರ್ಣ ಒತ್ತಡದಲ್ಲಿರುವಾಗ ಉರಿಯ ತಾಪವನ್ನು ಹತೋಟಿಯಲ್ಲಿಡಲು ಸಾಮಾನ್ಯವಾಗಿ 11ರಿಂದ 12 ಪಟ್ಟು ಗಾಳಿಗೆ ಒಂದು ಪಾಲಿನಂತೆ, ಹೆಚ್ಚು ಪೆಟ್ರೋಲ್ ಕೊಡಲಾಗುತ್ತದೆ. ಈ ಅನುಪಾತ ತಪ್ಪಿದರೆ ಮಿಶ್ರಣ ತಾನಾಗಿ ಸಿಡಿಯುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದೇ 'ನಾಕಿಂಗ್'. 2.5 ಲೀಟರಿನ ಇಜೆ ಟರ್ಬೊ ಎಂಜಿನ್ ಈ ವಿಷಯದಲ್ಲಿ ಸೂಕ್ಷ್ಮ ಪ್ರಕೃತಿಯದು. ಪಿಸ್ಟನ್ ರಿಂಗುಗಳ ನಡುವಿನ ತೆಳು ಅಂಚು ಒಡೆಯುವುದು ಅದರ ಕುಖ್ಯಾತ ರೋಗ. ಅಂಚು ಒಡೆದರೆ ಎಂಜಿನ್ ಇಡೀ ಬಿಚ್ಚಬೇಕು. ಕಾಲು ಸೆಕೆಂಡಿನ ಆಸೆಗೆ ಎಂಜಿನ್ನೇ ಪಣವಾಗುವುದು ಹೀಗೆ. ಆದ್ದರಿಂದ ಈ ಕೆಲಸದ ನಂತರ ಕಂಪ್ಯೂಟರಿನ ಲೆಕ್ಕಪಟ್ಟಿಯನ್ನು ಅಳತೆಯ ಆಧಾರದಿಂದ ಮರುಹೊಂದಿಸದೆ ಕಾರನ್ನು ಓಡಿಸುವಂತಿಲ್ಲ.

ಕಾರ್ಖಾನೆಯಲ್ಲೇ ತಿರುಗಿಸಿದವರು

ಗಾಳಿಯ ಹಾದಿಯನ್ನು ಹಿಂದುಮುಂದಾಗಿಸುವ ಆಲೋಚನೆ ಹವ್ಯಾಸಿಗಳಿಗಷ್ಟೇ ಸೀಮಿತವಲ್ಲ. ಮಿತ್ಸುಬಿಷಿ 1996ರಲ್ಲಿ ಲ್ಯಾನ್ಸರ್ ಎವೊಲ್ಯೂಷನ್ನಿನ ನಾಲ್ಕನೆಯ ಆವೃತ್ತಿಗೆ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ 180 ಡಿಗ್ರಿ ತಿರುಗಿಸಿತು. 2007ರ ಹತ್ತನೆಯ ಆವೃತ್ತಿಯ ಹೊಸ ಎಂಜಿನ್ನಿನಲ್ಲಿ ಗಾಳಿ ಮುಂದಿನಿಂದ ಒಳಬಂದು, ಹೊಗೆ ಹಿಂದಿನಿಂದ ಹೊರಹೋಗುವ ವ್ಯವಸ್ಥೆ ಬಂತು. ಬಿಎಂಡಬ್ಲ್ಯು 2008ರಲ್ಲಿ ತನ್ನ 4.4 ಲೀಟರಿನ ವಿ8 ಎಂಜಿನ್ನಿನಲ್ಲಿ ಗಾಳಿಯ ಬಾಯಿಗಳನ್ನು ಹೊರಬದಿಗೆ ಒಯ್ದು, ಹೊಗೆಯ ಬಾಯಿಗಳನ್ನು 'ವಿ'ಯ ನಡುವೆ ತಂದು, ಟರ್ಬೊಗಳನ್ನು ಅಲ್ಲಿಯೇ ಕೂರಿಸಿತು. ಹೊಗೆ ಟರ್ಬೊ ಮುಟ್ಟುವ ದೂರ ಕುಗ್ಗಿತು.

ಸುಬಾರು ಹಿಡಿದ ದಾರಿಯೂ ಗಮನಾರ್ಹ. 2014ರಲ್ಲಿ ಮಾರುಕಟ್ಟೆಗೆ ಬಂದ ಡಬ್ಲ್ಯುಆರ್‌ಎಕ್ಸ್ ಕಾರಿನಲ್ಲಿ ಕಂಪನಿ ಟರ್ಬೊವನ್ನು ಎಂಜಿನ್ನಿನ ಮುಂಭಾಗದ ಕೆಳಗಡೆಗೆ ಇಳಿಸಿತು. ಇಂಟರ್‌ಕೂಲರನ್ನು ಮಾತ್ರ ಮೇಲೆಯೇ ಉಳಿಸಿಕೊಂಡಿತು. ಇವರೆಲ್ಲರೂ ಸಿಲಿಂಡರ್ ಹೆಡ್, ವೈರಿಂಗ್, ಕಂಪ್ಯೂಟರ್ ಎಲ್ಲವನ್ನೂ ಒಟ್ಟಾಗಿ ಹೊಸದಾಗಿ ರೂಪಿಸಿದರು ಎಂಬುದೇ ಗ್ಯಾರೇಜಿನ ಕೆಲಸಕ್ಕೂ ಕಾರ್ಖಾನೆಯ ಕೆಲಸಕ್ಕೂ ಇರುವ ಅಂತರ.

ಇಲ್ಲಿ ಕಾನೂನೂ ಉಂಟು

ಭಾರತದಲ್ಲಿ ಇಂತಹ ಮಾರ್ಪಾಡಿಗೆ ಕೈಹಾಕುವವರು ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯನ್ನು ಗಮನಿಸಬೇಕು. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಆ ವಿಧಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಅಳವಡಿಸಿ ವಾಹನವನ್ನು ಮಾರ್ಪಡಿಸಿದ ಒಡೆಯನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು.

ಟರ್ಬೊ ಕಾರು ಮಂಕಾಗಿದೆ ಎನಿಸಿದವರು ಮೊದಲು ನೋಡಬೇಕಾದುದು ಸಣ್ಣ ಸಂಗತಿಗಳನ್ನು. ಇಂಟರ್‌ಕೂಲರಿನ ಹೋಸ್ ಬಿರುಕು ಬಿಟ್ಟಿದೆಯೇ, ಕ್ಲಾಂಪ್ ಸಡಿಲವಾಗಿದೆಯೇ, ಏರ್ ಫಿಲ್ಟರ್ ಧೂಳು ತುಂಬಿ ಕಟ್ಟಿಕೊಂಡಿದೆಯೇ ಎಂದು ಪರೀಕ್ಷಿಸಿದರೆ ಎಷ್ಟೋ ಸಲ ದೂರು ಅಲ್ಲಿಗೇ ಪರಿಹಾರವಾಗುತ್ತದೆ. ಇಂಟರ್‌ಕೂಲರ್ ಬದಲಿಸುವ ಮಾತು ಆಮೇಲಿನದು. ಮ್ಯಾನಿಫೋಲ್ಡ್ ತಿರುಗಿಸುವುದು ಸ್ಪರ್ಧೆಗೆಂದೇ ಮೀಸಲಿಟ್ಟ ಕಾರಿನ ಕೊನೆಯ ಕೆಲಸಗಳಲ್ಲೊಂದು.