ನಿಮಗಿದು ಗೊತ್ತೇ? ಎಮ್ಮೆ ಬೆನ್ನಿಗೆ ಎಷ್ಟು ಅಂಕ?

● ಹಸುವಿನ ಮೈಕಟ್ಟು ಅಳೆಯುವ ಕ್ಯಾಮೆರಾಕ್ಕೆ ಅದರ ಮುಖ ಬೇಡ, ಕೆಚ್ಚಲೂ ಬೇಡ. ಮೇಲಿನಿಂದ ಸೊಂಟದ ಮೂಳೆ ಮತ್ತು ಬಾಲದ ಬುಡ ಕಂಡರೆ ಸಾಕು. ಕೊಬ್ಬು ಏರಿದ್ದೂ ಇಳಿದದ್ದೂ ಚೆನ್ನಾಗಿ ತಿಳಿಯುವುದು ಅಲ್ಲೇ.

● ಇದಕ್ಕೆ ದೇಹಸ್ಥಿತಿ ಅಂಕ ಎಂದು ಹೆಸರು. 1 ಬಂದರೆ ಎಲುಬಿನ ಗೂಡು. 5 ಬಂದರೆ ಬಾಲದ ಬುಡವೇ ಕೊಬ್ಬಿನಲ್ಲಿ ಹೂತುಹೋಗಿದೆ. ಕರು ಹಾಕುವ ಹೊತ್ತಿಗೆ 3ರಿಂದ 3.5 ಇದ್ದರೆ ಪಶುವೈದ್ಯರಿಗೆ ನೆಮ್ಮದಿ. ನ್ಯೂಜಿಲೆಂಡಿನಲ್ಲಿ ಮಾತ್ರ 10ರವರೆಗೆ ಎಣಿಸುತ್ತಾರೆ, ಅಲ್ಲಿ 5 ಬಂದ ಹಸುವನ್ನು ಬೊಜ್ಜಿನದೆಂದು ಹಂಗಿಸಬೇಡಿ!

● ಇಂಥ ಅಂಕ ಮೊದಲು ಸಿಕ್ಕಿದ್ದು ಕುರಿಗೆ, 1961ರಲ್ಲಿ, ಆಸ್ಟ್ರೇಲಿಯಾದಲ್ಲಿ. ಉಣ್ಣೆಯಡಿ ಕಣ್ಣಿಗೆ ಏನು ಕಂಡೀತು? ಬೆನ್ನನ್ನು ಬೆರಳಿನಿಂದ ಒತ್ತಿಯೇ ಅಂಕ ಕೊಡುತ್ತಿದ್ದರು.

● ಕರು ಹಾಕಿದ ಹೊಸದರಲ್ಲಿ ಹಸು ತಿನ್ನುವುದಕ್ಕಿಂತ ಹೆಚ್ಚು ಹಾಲಿಗೆ ಸುರಿಯುತ್ತದೆ. ಕೊರತೆ ತುಂಬಲು ಮೈಯ ಕೊಬ್ಬನ್ನೇ ಕರಗಿಸುತ್ತದೆ. ದೊಡ್ಡ ಹೋಲ್‌ಸ್ಟೀನ್ ತಳಿಯ ಹಸುವಿನಲ್ಲಿ ಒಂದು ಅಂಕ ಇಳಿಯಿತೆಂದರೆ 50 ಕಿಲೋ ಆಸುಪಾಸು ತೂಕ ಹೋಯಿತೆಂದೇ ಲೆಕ್ಕ. ಹಾಗಂತ ಮುಂಚೆಯೇ ಕೊಬ್ಬಿಸಿಟ್ಟರೂ ಕಷ್ಟ. ಕೊಬ್ಬಿದ ಹಸು ಕರು ಹಾಕಿದ ಮೇಲೆ ಮೇವು ಬಿಡುತ್ತದೆ, ಕೀಟೋಸಿಸ್ ಎಂಬ ಕಾಯಿಲೆ ಹಿಡಿಯುತ್ತದೆ. ದಿನಾ ನೋಡುವವನ ಕಣ್ಣಿಗೆ ಈ ಇಳಿತ ತಡವಾಗಿ ಹೊಳೆಯುತ್ತದೆ, ದಿನಾ ನೋಡುತ್ತಾನಲ್ಲ, ಅದಕ್ಕೇ. ಕ್ಯಾಮೆರಾ ನಿನ್ನೆಯ ಅಂಕ ಮರೆಯುವುದಿಲ್ಲ.

● 2010ರಲ್ಲಿ ಮೈಕ್ರೋಸಾಫ್ಟ್ ವಿಡಿಯೋ ಆಟಕ್ಕೆಂದು ‘ಕಿನೆಕ್ಟ್’ ಎಂಬ ಕ್ಯಾಮೆರಾ ತಂದಿತು. ದೂರವನ್ನು ಅಳೆದು ಆಕಾರ ಕಟ್ಟುವ ಆ ಅಗ್ಗದ ಪೆಟ್ಟಿಗೆಯನ್ನು ಸಂಶೋಧಕರು ಕೊಟ್ಟಿಗೆಗೆ ಒಯ್ದು ಹಸುವಿನ ಬೆನ್ನ ಮೇಲೆ ತೂಗುಹಾಕಿದರು.

● ಸ್ವೀಡನ್ನಿನ ಡಿಲಾವಲ್ ಕಂಪನಿಯ ಕ್ಯಾಮೆರಾ ಗೇಟಿನ ಮೇಲೆ ಕೂರುತ್ತದೆ. ಹಸು ಕೆಳಗೆ ಹಾದುಹೋದರೆ ಅಂಕ ಬಿತ್ತು.

● ಇನ್ನು ಈ ಕ್ಯಾಮೆರಾ ನಮ್ಮ ಮುಂಬಯಿಗೆ ಹೊಂದೀತೇ? ಮೊದಲು ಇಲ್ಲಿನ ಕಥೆ ಕೇಳಿ. ಊರೊಳಗಿನ ತಬೇಲಾಗಳನ್ನು, ಅಂದರೆ ಹಾಲಿನ ದನಗಳ ಕೊಟ್ಟಿಗೆಗಳನ್ನು, ಹೊರಗೆ ಸಾಗಿಸಲೆಂದೇ ಗೋರೆಗಾಂವಿನಲ್ಲಿ 1949ರಲ್ಲಿ ಆರೇ ಮಿಲ್ಕ್ ಕಾಲೋನಿ ಹುಟ್ಟಿತು. 1951ರಲ್ಲಿ ನೆಹರೂ ಉದ್ಘಾಟಿಸಿದರು. ಇದರ ಹಿಂದಿದ್ದ ದಾರಾ ಖುರೋಡಿ 1963ರ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಕುರಿಯನ್, ತ್ರಿಭುವನದಾಸ್ ಪಟೇಲರ ಜೊತೆ ಹಂಚಿಕೊಂಡವರು. ಕುರಿಯನ್ ಹೆಸರು ಎಲ್ಲರಿಗೂ ಗೊತ್ತು, ಖುರೋಡಿಯವರನ್ನು ಆರೇ ರಸ್ತೆಯಲ್ಲಿ ನಿತ್ಯ ಓಡಾಡುವವರೂ ಮರೆತಿದ್ದಾರೆ.

● ಈ ತಬೇಲಾಗಳಲ್ಲಿ ಎಮ್ಮೆಯದೇ ದರ್ಬಾರು. ಕ್ಯಾಮೆರಾ ಪಾಠ ಕಲಿತದ್ದೋ ಬಹುಪಾಲು ಹೋಲ್‌ಸ್ಟೀನ್ ಹಸುವಿನ ಬೆನ್ನಿನ ಮೇಲೆ. ಎಮ್ಮೆಯ ಮೂಳೆಯ ಕಟ್ಟು ಬೇರೆ, ಕೊಬ್ಬು ಕೂರುವ ಜಾಗವೂ ಬೇರೆ. ಮುರ್ರಾ ತಳಿಯ ಎಮ್ಮೆಗೆಂದೇ ಆಂಧ್ರದ ಪಶುವಿಜ್ಞಾನಿಗಳು 2011ರಲ್ಲಿ ಪ್ರತ್ಯೇಕ ಅಂಕಪಟ್ಟಿ ಪ್ರಕಟಿಸಿದರು. ಎಮ್ಮೆಯನ್ನು ಓದುವ ಕ್ಯಾಮೆರಾ ಅಲ್ಲಿಂದ ಅಕ್ಷರಾಭ್ಯಾಸ ಶುರುಮಾಡಬೇಕು.

● ಮಬ್ಬು ತಬೇಲಾದಲ್ಲಿ ಕಪ್ಪು ಎಮ್ಮೆಯ ಫೋಟೋ ತೆಗೆದರೆ ಕಾಣುವುದು ಎರಡು ಕೊಂಬು, ಎರಡು ಕಣ್ಣು. ದೂರ ಅಳೆಯುವ ಕ್ಯಾಮೆರಾಕ್ಕೆ ಕತ್ತಲೆಯೇನೂ ತೊಡಕಲ್ಲ, ನೆತ್ತಿಯ ಬಿಸಿಲಿಗೆ ಮಾತ್ರ ಅದು ತಬ್ಬಿಬ್ಬಾಗುತ್ತದೆ.

● ದೊಡ್ಡ ತೊಡಕು ಬೇರೆಯೇ ಇದೆ. ಗೇಟಿನ ಕ್ಯಾಮೆರಾ ನಡೆಯುವ ಹಸುವಿಗಾಗಿ ಮಾಡಿದ್ದು. ತಬೇಲಾದ ಎಮ್ಮೆ ಸಾಲಿನಲ್ಲಿ ಕಟ್ಟಿದಲ್ಲೇ ತಿಂದು, ಕಟ್ಟಿದಲ್ಲೇ ಹಾಲು ಕರೆಸಿಕೊಳ್ಳುತ್ತದೆ. ನಡೆಯಬೇಕಾದ್ದು ಕ್ಯಾಮೆರಾವೇ. ನನ್ನನ್ನು ಕೇಳಿದರೆ, ಇಲ್ಲಿಗೆ ಹೊಂದುವುದು ಗೇಟಲ್ಲ, ಎಮ್ಮೆ ನೋಡಿಕೊಳ್ಳುವ ಭಯ್ಯಾನ ಜೇಬಿನ ಮೊಬೈಲು.

● 2023ರ ಮಾರ್ಚ್‌ನಲ್ಲಿ ಮುಂಬಯಿ ಎಮ್ಮೆ ಹಾಲಿನ ಸಗಟು ದರ ಲೀಟರಿಗೆ 80ರಿಂದ 85 ರೂಪಾಯಿಗೆ ಏರಿತು. ಹಿಂಡಿ, ಹೊಟ್ಟು ತುಟ್ಟಿಯಾಯಿತೆಂದು ಕಾರಣ ಕೊಟ್ಟರು. ಯಾವ ಎಮ್ಮೆಗೆ ಹಿಂಡಿ ಹೆಚ್ಚು ಬೇಕು, ಯಾವುದಕ್ಕೆ ಕಡಿಮೆ ಸಾಕು ಎಂದು ಬೆನ್ನು ನೋಡಿ ತಿಳಿದರೆ ಉಳಿತಾಯ ಅಲ್ಲೇ ಇದೆ. ಹಾಲು ಕೊಳ್ಳುವ ಉಡುಪಿ ಹೋಟೆಲಿನ ಗಲ್ಲಾದವರೂ ಇದನ್ನು ಓದಬಹುದು.

● ಮುಖ ಬೇಡ ಎಂದೆನಲ್ಲ, ಗುರುತಿಗೆ ಮಾತ್ರ ಮೂಗು ಬೇಕು. ನಮ್ಮ ಬೆರಳಚ್ಚಿನಂತೆ ಒಂದು ದನದ ಮೂಗಿನ ಗೆರೆ ಇನ್ನೊಂದಕ್ಕಿಲ್ಲ. 1922ರಲ್ಲೇ ಅದನ್ನು ಗುರುತಿಗೆ ಬಳಸುವ ಲೇಖನ ಬಂದಿತ್ತು. ಕಿವಿಯ 12 ಅಂಕಿಯ ಗುರುತಿನ ಬಿಲ್ಲೆ ಕಿತ್ತುಹೋದರೂ ಮೂಗು ಎಲ್ಲೂ ಹೋಗದು. ಫೋಟೋಕ್ಕೆ ಮುನ್ನ ಅದನ್ನೊಮ್ಮೆ ಒರೆಸಬೇಕು, ಅಷ್ಟೆ.